ಬ್ಯಾರನ್ ಕರೆತಂದ ಗರಗಸ

ಪೆಟ್ರೋಲ್ ಚೈನ್ ಸಾ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು ‘ಎಷ್ಟು ಸಿಸಿ?’ ಎಂದು. ಆಮೇಲೆ ಸರಪಳಿ ಓಡುವ ಪಟ್ಟಿಯನ್ನು ಕುರಿತು ‘ಬಾರ್ ಎಷ್ಟು ಇಂಚು?’ ಅನ್ನುತ್ತಾರೆ. ಬೈಕ್ ಕೊಳ್ಳುವಾಗ ರೂಢಿಯಾದ ಮಾತು ಇಲ್ಲಿಗೂ ಬಂದಿದೆ. ಆದರೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಮಟ್ಟಿಗೆ ಇದಕ್ಕೂ ಮೊದಲು ಕೇಳಬೇಕಾದ್ದು ಬೇರೆ ಇದೆ: ಕೊಯ್ಯುವುದು ಯಾವ ಮರ, ಯಾರ ಒಲೆಗೆ, ವರ್ಷದ ಯಾವ ತಿಂಗಳಲ್ಲಿ? ಈ ಸೀಮೆಗೆ ಯಂತ್ರಗರಗಸವನ್ನು ಕರೆತಂದದ್ದು ನಾಗರಹೊಳೆಯ ಕಾಡಲ್ಲ, ಹೊಗೆಸೊಪ್ಪು ಹದಮಾಡುವ ಒಲೆಮನೆ, ಅಂದರೆ ಬ್ಯಾರನ್. ಆದ್ದರಿಂದ ಯಾವ ಯಂತ್ರ ಸರಿ ಎಂಬುದನ್ನೂ ಬ್ಯಾರನ್ನಿನ ಲೆಕ್ಕದಿಂದಲೇ ನೋಡಬೇಕು ಎಂಬುದು ನನ್ನ ವಾದ. ಹಾಗೆ ನೋಡಿದರೆ 50 ಸಿಸಿಯ ಒಳ್ಳೆಯ ಗರಗಸ ಕೆಲವರಿಗಷ್ಟೇ ಬೇಕು, 70 ಸಿಸಿಯದು ಹೆಚ್ಚಿನವರಿಗೆ ಬೇಡ, ಬಹಳ ರೈತರಿಗಂತೂ ಯಾವುದೂ ಬೇಡ.

ಮರ ಕಡಿಯುವುದು ಇಲ್ಲಿ ಹೊಸ ಕಸುಬಲ್ಲ. ಹುಣಸೂರಿನಲ್ಲಿ ಬ್ರಿಟಿಷ್ ಸೇನೆಯ ಸರಬರಾಜು ಇಲಾಖೆ ಚರ್ಮ ಹದಮಾಡುವ, ಕಂಬಳಿ ನೇಯುವ ಕಾರ್ಖಾನೆಗಳ ಜೊತೆಗೆ ನಾಟಾ ಅಂಗಳವನ್ನೂ ನಡೆಸುತ್ತಿತ್ತು. 1864ರಲ್ಲಿ ಅವೆಲ್ಲ ಮುಚ್ಚಿದವು. ಕೋಟೆ ತಾಲ್ಲೂಕಿನ ಕಾಕನಕೋಟೆಯ ಕಾಡು ಆನೆ ಹಿಡಿಯುವ ಖೆಡ್ಡಾಕ್ಕೆ ಹೆಸರಾದಷ್ಟೇ ಮರಕ್ಕೂ ಹೆಸರಾಗಿತ್ತು. ಅದರ ಒಂದು ಪಾಲು 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನ ನೀರಿನಡಿ ಹೋಯಿತು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಮೊದಲಲ್ಲಿ ಟಿಬೆಟಿನ ನಿರಾಶ್ರಿತರು ಸುಮಾರು 3,000 ಎಕರೆ ಕಾಡುನೆಲವನ್ನು ಕಡಿದು ಹೊಲ ಮಾಡಿಕೊಂಡರು. ಇಷ್ಟೆಲ್ಲ ಆಗುವಾಗಲೂ ಕೈಯಲ್ಲಿದ್ದದ್ದು ಕೊಡಲಿ ಮತ್ತು ಇಬ್ಬರು ಎಳೆಯುವ ಗರಗಸ. ಅಂದರೆ ಬರೀ ಕಾಡು ಕಡಿಯುವ ಕೆಲಸಕ್ಕೆ ಯಂತ್ರ ಬರುವುದಿದ್ದರೆ ಆಗಲೇ ಬರಬೇಕಿತ್ತು. ಆಳು ಅಗ್ಗವಾಗಿದ್ದಾಗ ಯಂತ್ರಕ್ಕೆ ಇಲ್ಲಿ ಕೆಲಸವಿರಲಿಲ್ಲ.

ಬದಲಾವಣೆ ಬಂದದ್ದು ಹೊಗೆಸೊಪ್ಪಿನ ದಾರಿಯಲ್ಲಿ. ಕೇಂದ್ರ ತಂಬಾಕು ಸಂಶೋಧನಾ ಸಂಸ್ಥೆ 1957ರಲ್ಲಿ ಹುಣಸೂರಿನಲ್ಲಿ ತನ್ನ ಕೇಂದ್ರ ತೆರೆಯಿತು. 1975ರ ಕಾಯ್ದೆಯಂತೆ ಮರುವರ್ಷ ತಂಬಾಕು ಮಂಡಳಿ ಬಂತು, 1984ರಲ್ಲಿ ಕರ್ನಾಟಕದಲ್ಲಿ ಮಂಡಳಿಯ ಹರಾಜು ಆರಂಭವಾಯಿತು. ಪಿರಿಯಾಪಟ್ಟಣ, ಕಂಪಲಾಪುರ, ಚಿಲ್ಕುಂದ, ಕಟ್ಟೆಮಳಲವಾಡಿ, ಎಚ್.ಡಿ. ಕೋಟೆಗಳ ಹರಾಜು ಮಾರುಕಟ್ಟೆಗಳು ಈ ಸೀಮೆಯ ಹಣದ ವರ್ಷವನ್ನೇ ಬದಲಿಸಿದವು. ಇಲ್ಲಿಯದು ಮಳೆಗಾಲದ ಬೆಳೆ: ಮೇ ತಿಂಗಳಲ್ಲಿ ನಾಟಿ, ಜುಲೈನಿಂದ ಸೊಪ್ಪು ಮುರಿದು ಬ್ಯಾರನ್ನಿಗೆ ಏರಿಸುವುದು. ಕಡ್ಡಿಗೆ ಕಟ್ಟಿದ ಹಸಿ ಸೊಪ್ಪನ್ನು ಐದಾರು ದಿನ ಸಣ್ಣ ಬಿಸಿಯಿಂದ ದೊಡ್ಡ ಬಿಸಿಗೆ ಹಂತಹಂತವಾಗಿ ಒಯ್ಯಬೇಕು. ಮೊದಲು ಹಳದಿಯಾಗಬೇಕು, ಬಣ್ಣ ನಿಲ್ಲಬೇಕು, ಎಲೆ ಒಣಗಬೇಕು, ಕೊನೆಗೆ ನಡುನರ ಒಣಗಬೇಕು. ಅಷ್ಟೂ ಹೊತ್ತು ಒಲೆ ಆರಕೂಡದು. ಒಂದು ಕಿಲೊ ಹದವಾದ ಸೊಪ್ಪಿಗೆ ನಾಲ್ಕೂವರೆಯಿಂದ ಐದು ಕಿಲೊ ಸೌದೆ ಎಂಬುದು ವಾಡಿಕೆಯ ಲೆಕ್ಕ. ಮಂಡಳಿ ಇತ್ತೀಚಿನ ವರ್ಷಗಳಲ್ಲಿ ರಾಜ್ಯಕ್ಕೆ ಕೊಟ್ಟ ಮಿತಿ ಸುಮಾರು 10 ಕೋಟಿ ಕಿಲೊ ಸೊಪ್ಪು. ಗುಣಿಸಿದರೆ ನಾಲ್ಕೂವರೆಯಿಂದ ಐದು ಲಕ್ಷ ಟನ್ ಸೌದೆ. ಮಳೆಯಲ್ಲಿ ನೆನೆದ ಕಟ್ಟಿಗೆ ಬ್ಯಾರನ್ನಿಗೆ ಆಗದು. ಇಷ್ಟನ್ನೂ ಫೆಬ್ರುವರಿಯಿಂದ ಮೇ ಒಳಗೆ ಕಡಿದು, ತುಂಡು ಮಾಡಿ, ಒಣಗಲು ಒಟ್ಟಬೇಕು.

ಅಷ್ಟು ಮರ ಎಲ್ಲಿಂದ ಬರಬೇಕು? ನಾಗರಹೊಳೆ ರಾಷ್ಟ್ರೀಯ ಉದ್ಯಾನವಾದ ಮೇಲೆ ಕಾಡಿನ ಬಾಗಿಲು ಮುಚ್ಚಿತು. 1983ರಲ್ಲಿ ಶುರುವಾದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ನೀಲಗಿರಿ ಹೊಲದ ಬದುಗಳಿಗೆ ಬಂತು. ಮಗ್ಗುಲ ಕೊಡಗಿನ ಕಾಫಿ ತೋಟಗಳಿಂದ ಸಿಲ್ವರ್ ಓಕ್ ಇಳಿಯಿತು. ಅಮೆರಿಕದ ಬೆಳೆಯನ್ನು ಆಸ್ಟ್ರೇಲಿಯದ ಮರ ಸುಟ್ಟು ಹದಮಾಡುವ ಊರಿಗೆ ಜರ್ಮನಿ, ಸ್ವೀಡನ್, ಚೀನಾದ ಗರಗಸ ಬಂದದ್ದರಲ್ಲಿ ಅಚ್ಚರಿಯೇನೂ ಇಲ್ಲ. ಕೂಲಿ ಏರಿತು, ಕೊಡಲಿ ಹಿಡಿಯುವ ಹುಡುಗರು ಮೈಸೂರಿನ ಕೈಗಾರಿಕಾ ಪ್ರದೇಶದ ಬಸ್ಸು ಹತ್ತಿದರು, ಆದರೆ ಬ್ಯಾರನ್ನಿನ ಗಡುವು ಮುಂದಕ್ಕೆ ಹೋಗಲಿಲ್ಲ. ಆ ಗಡುವಿಗೂ ಆಳಿನ ಕೊರತೆಗೂ ನಡುವಿನ ಜಾಗಕ್ಕೆ ‘ಕಟಿಂಗ್ ಮಿಷನ್’ ಬಂದು ಕೂತಿತು.

ಯಂತ್ರಕ್ಕೆ ತನ್ನದೇ ಕಥೆಯಿದೆ, ಅದು ಈ ಊರಿನದಲ್ಲ. ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ವಿದ್ಯುತ್ ಗರಗಸ ಮಾಡಿದ. ಮರುವರ್ಷ ಎಮಿಲ್ ಲೆರ್ಪ್ ಜರ್ಮನಿಯದೇ ಡೋಲ್ಮಾರ್ ಬೆಟ್ಟದಲ್ಲಿ ಪೆಟ್ರೋಲ್ ಗರಗಸ ಪರೀಕ್ಷಿಸಿದ. ಅದರ ತೂಕ 58 ಕಿಲೊ, ಹಿಡಿಯಲು ಇಬ್ಬರು ಬೇಕು. 1959ರಲ್ಲಿ ಸ್ಟಿಲ್ ಕಂಪನಿಯ ‘ಕಾಂಟ್ರಾ’ 12 ಕಿಲೊಗೆ ಇಳಿಯಿತು. ಬಂದೂಕು ಮಾಡುತ್ತ 1689ರಲ್ಲಿ ಹುಟ್ಟಿದ ಸ್ವೀಡನ್ನಿನ ಹುಸ್ಕ್‌ವರ್ನಾ ತನ್ನ ಮೊದಲ ಗರಗಸ ತಂದದ್ದೂ ಅದೇ ವರ್ಷ. ಆದರೆ ಎಂಜಿನ್ ಮಾಡಿದವರಿಗಿಂತ ದೊಡ್ಡ ಉಪಕಾರ ಮಾಡಿದವನು ಅಮೆರಿಕದ ಒರೆಗಾನಿನಲ್ಲಿ ಮರ ಕಡಿಯುತ್ತಿದ್ದ ಜೋ ಕಾಕ್ಸ್ ಎಂದು ನನ್ನ ಎಣಿಕೆ. 1946ರಲ್ಲಿ ಕೊರಡಿನೊಳಗೆ ದುಂಬಿಯ ಮರಿಹುಳು ಎಡಕ್ಕೂ ಬಲಕ್ಕೂ ದವಡೆಯಾಡಿಸಿ ಮರ ಕೊರೆಯುವುದನ್ನು ಆತ ನೋಡಿದ. ಅದೇ ರೀತಿಯಲ್ಲಿ ಎಡಬಲದ ಹಲ್ಲುಗಳ ಸರಪಳಿ ಮಾಡಿದ. ಇವತ್ತಿನ ಎಲ್ಲ ಸರಪಳಿಯೂ ಅದರ ಸಂತತಿ. ಮರ ಕೊಯ್ಯುವುದು ಆ ಹಲ್ಲು. ಎಂಜಿನ್ ಅದನ್ನು ತಿರುಗಿಸುತ್ತದೆ, ಅಷ್ಟೇ.

ಈಗ ಸಿಸಿಯ ಮಾತು. ಸ್ಟಿಲ್ ಎಂಎಸ್ 291 ಗರಗಸದ ಎಂಜಿನ್ 55.5 ಸಿಸಿ, ಶಕ್ತಿ 2.8 ಕಿಲೊವ್ಯಾಟ್, ತೂಕ 5.6 ಕಿಲೊ. ಅದೇ ಕಂಪನಿಯ ಎಂಎಸ್ 261 ಬರೀ 50.2 ಸಿಸಿ, ಶಕ್ತಿ 3.0 ಕಿಲೊವ್ಯಾಟ್, ತೂಕ 4.9 ಕಿಲೊ. ಸಿಸಿ ಕಡಿಮೆ, ಶಕ್ತಿ ಹೆಚ್ಚು, ತೂಕ ಹಗುರ. ಮೊದಲನೆಯದು ತೋಟದವರಿಗೆಂದು ಮಾಡಿದ್ದು, ಎರಡನೆಯದು ದಿನವಿಡೀ ಕೊಯ್ಯುವವರಿಗೆಂದು ಮಾಡಿದ್ದು. ಇದೇ ವರ್ಗದ ಹುಸ್ಕ್‌ವರ್ನಾ 550 ಎಕ್ಸ್‌ಪಿ ಮಾರ್ಕ್ 2 ಕೂಡ 50.1 ಸಿಸಿಯಲ್ಲಿ 3.0 ಕಿಲೊವ್ಯಾಟ್ ಕೊಡುತ್ತದೆ, ತೂಕ 5.3 ಕಿಲೊ. ಈ ತೂಕಗಳು ಬಾರ್, ಸರಪಳಿ, ಪೆಟ್ರೋಲ್ ಇಲ್ಲದವು ಎಂಬುದನ್ನು ಮರೆಯಬಾರದು. ಕೈಗೆ ಬರುವಾಗ ಇನ್ನೂ ಒಂದೂವರೆ ಕಿಲೊ ಮೇಲೇರಿರುತ್ತದೆ. ‘58 ಸಿಸಿ’ ಎಂದು ಡಬ್ಬದ ಮೇಲೆ ಬರೆದುಕೊಂಡು ಬರುವ ಅಗ್ಗದ ಗರಗಸಗಳದು ಇನ್ನೊಂದು ಕಥೆ. ಸಿಲಿಂಡರಿನ ಒಳವ್ಯಾಸ 45.2 ಮಿಲಿಮೀಟರ್, ಪಿಸ್ಟನ್ನಿನ ಓಟ 34 ಮಿಲಿಮೀಟರ್ ಇದ್ದರೆ ಶಾಲೆಯ ಗಣಿತದಲ್ಲಿ ಅದು 54.6 ಸಿಸಿ. ಉಳಿದ ಮೂರೂವರೆ ಸಿಸಿ ಸ್ಟಿಕ್ಕರಿನಲ್ಲಿದೆ.

‘ಇರಲಿ, ಬೆಲೆ ಹಲವು ಪಟ್ಟು ಕಡಿಮೆಯಲ್ಲವೇ?’ ಎಂಬ ಆಕ್ಷೇಪ ಬರುತ್ತದೆ, ಅದು ಹಗುರಾದದ್ದಲ್ಲ. ಒಂದು ಬ್ಯಾರನ್ ಇರುವ ರೈತನನ್ನೇ ತೆಗೆದುಕೊಳ್ಳೋಣ. ವರ್ಷಕ್ಕೆ 1,500 ಕಿಲೊ ಸೊಪ್ಪು ಎಂದಿಟ್ಟುಕೊಂಡರೆ ಸೌದೆ ಸುಮಾರು ಏಳು ಟನ್. ಘನಮೀಟರಿಗೆ 800 ಕಿಲೊ ಹಿಡಿದರೆ ಒಂಬತ್ತು ಘನಮೀಟರಿಗೆ ಸ್ವಲ್ಪ ಕಮ್ಮಿ. 20 ಸೆಂಟಿಮೀಟರ್ ದಪ್ಪದ ದಿಮ್ಮಿಯಾದರೆ 280 ಮೀಟರ್ ಉದ್ದ, ಮೀಟರಿಗೊಂದು ತುಂಡಿನಂತೆ 280 ಕೊಯ್ತ. ಒಂದಕ್ಕೆ ಹತ್ತು ಸೆಕೆಂಡ್ ಕೊಟ್ಟರೂ ಸರಪಳಿ ಮರದೊಳಗಿರುವುದು ಒಂದು ಗಂಟೆಗೂ ಕಡಿಮೆ! ಕೊಂಬೆ ಸವರುವುದು, ದಿಮ್ಮಿ ಉರುಳಿಸುವುದು, ಅರ ಹಾಕುವುದು ಸೇರಿ ಐದು ಪಟ್ಟು ಮಾಡಿದರೂ ವರ್ಷಕ್ಕೆ ಒಂದು ದಿನದ ಕೆಲಸ. ಇಷ್ಟಕ್ಕೆ ದುಬಾರಿ ಗರಗಸ ಕೊಳ್ಳುವುದು ದುಂದು. ಅಗ್ಗದ್ದನ್ನು ಕೊಳ್ಳುವುದೂ ಬೇಕಿಲ್ಲ, ಬಾಡಿಗೆಗೆ ಕರೆದರೆ ಸಾಕು. ಮಧ್ಯಮ ಗಾತ್ರದ ವೃತ್ತಿಪರ ಗರಗಸ ಇರುವುದು ಊರೂರು ಸುತ್ತಿ ಮೂವತ್ತು, ನಲವತ್ತು ಬ್ಯಾರನ್ನಿಗೆ ಕೊಯ್ದುಕೊಡುವವನಿಗೆ. ಅವನಿಗೆ ಪಿಸ್ಟನ್ ಬದಲಿಸುವುದು ಇಂದಲ್ಲ ನಾಳೆ ಬಂದೇ ಬರುವ ಕೆಲಸ. ಎಂಎಸ್ 261ರಲ್ಲಿ ಮೆಗ್ನೀಸಿಯಂ ಕವಚದ ಮೇಲಿಂದ ಸಿಲಿಂಡರ್ ಮಾತ್ರ ಬಿಚ್ಚಬಹುದು. 291ರಲ್ಲಿ ಇಡೀ ಎಂಜಿನ್ ಹೊರತೆಗೆಯಬೇಕು. ಎಪ್ರಿಲ್ ನಡುವೆ ಒಂದು ದಿನ ಕೂತರೆ ಅವನ ಒಂದು ದಿನದ ಸಂಪಾದನೆ ಹೋಯಿತು.

ಹಾಗಿದ್ದರೆ ಆ ಕಸುಬಿನವನು 72 ಸಿಸಿಯ ಎಂಎಸ್ 382ನ್ನೇ ಏಕೆ ಕೊಳ್ಳಬಾರದು? ಅದರ 3.9 ಕಿಲೊವ್ಯಾಟ್‌ಗೆ ತೂಕ 6.2 ಕಿಲೊ, ತೂಕಕ್ಕೆ ಸಿಗುವ ಶಕ್ತಿ 261ಕ್ಕಿಂತ ಚೂರು ಹೆಚ್ಚೇ. ದೊಡ್ಡ ಹುಣಸೆ, ಮಾವು, ರಸ್ತೆ ಬದಿಯ ಮಳೆಮರ ಕೊಯ್ಯುವವನಿಗೆ ಅದು ಸರಿ. ಆದರೆ ಬ್ಯಾರನ್ ಸೌದೆ ಬಹುಪಾಲು ತೊಡೆಗಾತ್ರದ್ದು. 18 ಇಂಚಿನ ಬಾರ್ ಅದಕ್ಕೆ ಧಾರಾಳ. ನೆಲಕ್ಕೆ ಬಗ್ಗಿ ದಿನವಿಡೀ ತುಂಡು ಮಾಡುವವನ ಸೊಂಟಕ್ಕೆ ಆ ಒಂದೂಕಾಲು ಕಿಲೊ ಸಂಜೆಯ ಹೊತ್ತಿಗೆ ಗೊತ್ತಾಗುತ್ತದೆ. ಅದರ ಬದಲು ಸರಪಳಿ ನೋಡಿಕೊಳ್ಳುವುದು ಲಾಭ. ಚೂಪು ಮೂಲೆಯ ಫುಲ್ ಚಿಸೆಲ್ ಹಲ್ಲು ಸ್ವಚ್ಛವಾದ ಮೆದುಮರದಲ್ಲಿ ವೇಗ. ಟ್ರ್ಯಾಕ್ಟರ್ ಎಳೆದು ತಂದ, ಕೆಮ್ಮಣ್ಣು ಮೆತ್ತಿದ ದಿಮ್ಮಿಗೆ ಮೂಲೆ ದುಂಡಾದ ಸೆಮಿ ಚಿಸೆಲ್ಲೇ ತಾಳುವುದು. ಕೆ.ಆರ್. ನಗರದ ನಾಲೆ ಬಯಲಿನ ತೆಂಗಿನ ಬೊಡ್ಡೆ, ಬೇಲಿಯ ಮೊಳೆ ತಂತಿ ನುಂಗಿದ ಮರ, ಇವೆರಡೂ ಯಾವ ಬ್ರ್ಯಾಂಡಿನ ಹಲ್ಲನ್ನೂ ಉಳಿಸುವುದಿಲ್ಲ. ಅರದ ಗಾತ್ರ ಸರಪಳಿಗೆ ಹೊಂದಬೇಕು: 0.325 ಇಂಚು ಪಿಚ್‌ನ ಸರಪಳಿಗೆ 4.8 ಮಿಲಿಮೀಟರ್. ಮೊಂಡು ಸರಪಳಿಯ 70 ಸಿಸಿಗಿಂತ ಚೂಪು ಸರಪಳಿಯ 50 ಸಿಸಿ ಬೇಗ ಕೊಯ್ಯುತ್ತದೆ. ಕೊಯ್ತದಿಂದ ಚಕ್ಕೆ ಬದಲು ಹಿಟ್ಟು ಉದುರತೊಡಗಿದರೆ ಅರ ತೆಗೆಯುವ ಹೊತ್ತಾಯಿತು ಎಂದೇ ಅರ್ಥ.

ಹೋಲಿಕೆಯಲ್ಲಿ ಯಾರೂ ಕೇಳದ, ಆದರೆ ಈ ಸೀಮೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ವಿಷಯ ಪೆಟ್ರೋಲ್. 20 ಶೇಕಡ ಎಥನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಈಗ ಬಂಕುಗಳಲ್ಲಿ ಸಿಗುವುದು ಹೆಚ್ಚಾಗಿ ಅದೇ. ಎಥನಾಲಿನಲ್ಲಿ ಲೀಟರಿಗೆ ಶಕ್ತಿ ಮೂರನೇ ಒಂದು ಪಾಲು ಕಡಿಮೆ. 10 ಶೇಕಡಕ್ಕೆ ಹದಮಾಡಿದ ಕಾರ್ಬ್ಯುರೇಟರಿನಲ್ಲಿ ಇಂಧನ ತೆಳುವಾಗಿ ಎಂಜಿನ್ ಕಾಯುತ್ತದೆ. ಎರಡು ಸ್ಟ್ರೋಕಿನ ಎಂಜಿನ್ನಿಗೆ ಆಯಿಲ್ ಬರುವುದೂ ಆ ಪೆಟ್ರೋಲಿನ ಜೊತೆಗೇ ಆದ್ದರಿಂದ ಪಿಸ್ಟನ್ ಹಿಡಿದುಕೊಳ್ಳುವ ಅಪಾಯ ಹೆಚ್ಚು. ಸ್ಟಿಲ್‌ನ ಎಂ-ಟ್ರಾನಿಕ್, ಹುಸ್ಕ್‌ವರ್ನಾದ ಆಟೊಟ್ಯೂನ್ ಮಿಶ್ರಣವನ್ನು ತಾವೇ ಸರಿಪಡಿಸಿಕೊಳ್ಳುತ್ತವೆ. ಎಂ-ಟ್ರಾನಿಕ್ ಎಂಜಿನ್ನಿಗೆ 27 ಶೇಕಡದವರೆಗೆ ಕಂಪನಿಯೇ ಒಪ್ಪುತ್ತದೆ. ‘ಅದೆಲ್ಲ ಎಲೆಕ್ಟ್ರಾನಿಕ್ಸ್, ಕೆಟ್ಟರೆ ಹಳ್ಳಿಯಲ್ಲಿ ಯಾರು ನೋಡುತ್ತಾರೆ?’ ಎಂಬ ಮಾತು ಹಿಂದೆ ನ್ಯಾಯವಾಗಿತ್ತು. ಇಂಧನ ಬದಲಾದ ಮೇಲೆ ತೂಕ ಆ ಕಡೆಗೇ ವಾಲಿದೆ. ಇನ್ನೊಂದು ತೊಡಕು ಋತುವಿನದು. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ನೀರು ಸೇರಿದರೆ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕಿಳಿಯುತ್ತದೆ. ಬ್ಯಾರನ್ ಸೀಮೆಯ ಗರಗಸ ಮೇವರೆಗೆ ದುಡಿದು, ಸರಿಯಾಗಿ ಮಳೆಗಾಲವಿಡೀ ಮೂಲೆ ಹಿಡಿಯುತ್ತದೆ. ಟ್ಯಾಂಕ್ ಬರಿದು ಮಾಡಿ, ಉಳಿದದ್ದನ್ನು ಓಡಿಸಿ ಮುಗಿಸದೆ ಇಟ್ಟರೆ ಮುಂದಿನ ಫೆಬ್ರುವರಿಯಲ್ಲಿ ಕಾರ್ಬ್ಯುರೇಟರಿನ ರಬ್ಬರ್ ಡಯಾಫ್ರಮ್ ಬಿರುಸಾಗಿರುತ್ತದೆ. ಬಹಳ ಸಲ ಕಂಪನಿಗೆ ಬೀಳುವ ಬೈಗುಳದಲ್ಲಿ ಅರ್ಧ ಈ ಮಳೆಗಾಲದ್ದು.

ಕೈಯ ನಡುಕದ ಲೆಕ್ಕವನ್ನೂ ಹಾಕಬೇಕು. ಯುರೋಪಿನ ನಿಯಮದಂತೆ ಎಂಟು ಗಂಟೆಯ ಸರಾಸರಿ ಕಂಪನ 2.5 ಮೀಟರ್ ಪ್ರತಿ ಸೆಕೆಂಡ್ ವರ್ಗ ಮುಟ್ಟಿದರೆ ಮಾಲೀಕ ಕ್ರಮ ಕೈಗೊಳ್ಳಬೇಕು. 3.5ರ ಕಂಪನವಿರುವ ಎಂಎಸ್ 261ನ್ನು ದಿನಕ್ಕೆ ನಾಲ್ಕು ಗಂಟೆ ಓಡಿಸಿದಾಗ ಆ ಮಟ್ಟ ಬರುತ್ತದೆ. 7ರದ್ದಾದರೆ ಒಂದೇ ಗಂಟೆ. ಬೆರಳು ಬೆಳ್ಳಗಾಗಿ ಜೋಮು ಹಿಡಿಯುವ ರೋಗ ವರ್ಷಗಳ ಮೇಲೆ ಬರುವಂಥದ್ದು, ಹಾಗಾಗಿ ಅಂಗಡಿಯಲ್ಲಿ ಕಾಣುವುದಿಲ್ಲ. ಏಪ್ರಿಲ್ ಬಿಸಿಲಲ್ಲಿ ಕಾಲಿಗೆ ರಕ್ಷಾಕವಚ ಕಟ್ಟಿಕೊಳ್ಳಲು ಯಾರಿಗೂ ಮನಸ್ಸಿಲ್ಲ. ಕನಿಷ್ಠ ಬೂಟು, ಕಿವಿಗೆ ಮುಚ್ಚಳ, ಲುಂಗಿಯ ಬದಲು ಪ್ಯಾಂಟು ಇರಲಿ.

ಗರಗಸವೇ ಮರಗಳನ್ನು ನುಂಗಿತು ಎನ್ನುವವರೂ ಇದ್ದಾರೆ. ಸೌದೆ ಎಷ್ಟು ಬೇಕೆಂದು ನಿರ್ಧರಿಸುವುದು ಒಲೆ, ಗರಗಸವಲ್ಲ ಎಂದು ಸುಲಭವಾಗಿ ಉತ್ತರಿಸಬಹುದು, ಆದರೆ ಅದು ಅರ್ಧ ಸತ್ಯ. ಕೊಡಲಿಯ ಕಾಲದಲ್ಲಿ ಎರಡಾಳು ಸುತ್ತಳತೆಯ ಹುಣಸೆಯನ್ನು ಸೌದೆಗೆಂದು ಸೀಳುವುದು ಕೂಲಿಗೂ ಗಿಟ್ಟುತ್ತಿರಲಿಲ್ಲ. ಅದು ಆ ಕಾರಣಕ್ಕೇ ಉಳಿಯುತ್ತಿತ್ತು. ಯಂತ್ರ ಆ ತಡೆಯನ್ನು ತೆಗೆದುಹಾಕಿದೆ. ಈಗ ಉಳಿದಿರುವ ತಡೆ ಕಾನೂನಿನದು: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ನೀಲಗಿರಿ, ಸಿಲ್ವರ್ ಓಕ್, ಸರ್ವೆಯಂಥ ಮರಗಳಿಗೆ ವಿನಾಯಿತಿ ಕೊಟ್ಟು, ಉಳಿದವಕ್ಕೆ ವೃಕ್ಷಾಧಿಕಾರಿಯ ಅನುಮತಿ ಕೇಳುತ್ತದೆ. ಅರಣ್ಯ ಅಪರಾಧದಲ್ಲಿ ಬಳಸಿದ ಸಲಕರಣೆ ಜಪ್ತಿಯಾಗುತ್ತದೆ, ಗರಗಸವೂ ಸೇರಿ. ನೀಲಗಿರಿಯ ಹೊಸ ನೆಡುವಿಕೆಗೆ ಸರ್ಕಾರ 2017ರಲ್ಲಿ ತಡೆ ಹಾಕಿದ್ದರಿಂದ ಹೊಲದ ಸೌದೆ ಇನ್ನೂ ಬಿಗಿಯಾಗಲಿದೆ. ಕಾಫಿ ಹೊಟ್ಟಿನ ಇಟ್ಟಿಗೆ, ತೆಂಗಿನ ಚಿಪ್ಪು ಒಲೆಗೆ ಬರುತ್ತಿವೆ. ಅವುಗಳಿಗೆ ಗರಗಸ ಬೇಕಿಲ್ಲ. 50 ಸಿಸಿಯ ಮೇಲಕ್ಕೆ ಹೋಗದಿರಲು ಇದೂ ಒಂದು ಕಾರಣ: ಮುಂದಿನ ಹತ್ತು ವರ್ಷ ಸಿಗುವ ಮರ ತೆಳುವಾಗುತ್ತದೆಯೇ ಹೊರತು ದಪ್ಪವಾಗುವುದಿಲ್ಲ.

ಬ್ಯಾಟರಿ ಗರಗಸ ಬಂದಿದೆ, ಸದ್ದು ಕಡಿಮೆ, ಎಥನಾಲಿನ ಕಾಟವಿಲ್ಲ. ಮರದಡಿ ದಿನವಿಡೀ ಕೊಯ್ಯುವವನಿಗೆ ಬೇಕಾಗುವಷ್ಟು ಬ್ಯಾಟರಿಯ ಬೆಲೆ ಮಾತ್ರ ಗರಗಸದ ಬೆಲೆಯನ್ನೂ ಮೀರುತ್ತದೆ. ಆ ಬೆಲೆ ಇಳಿಯುವವರೆಗೆ ಕಸುಬಿನವನು ಪೆಟ್ರೋಲಿನದನ್ನೇ ಕೊಳ್ಳುತ್ತಾನೆ, ಅದೂ ಹರಾಜಿನ ಹಣ ಕೈಗೆ ಬರುವ ಡಿಸೆಂಬರ್, ಜನವರಿಯಲ್ಲಿ. ಆಗ ಅಂಗಡಿಯಲ್ಲಿ ಗರಗಸದ ಜೊತೆಗೆ ಅದರ ಸ್ಪ್ರಾಕೆಟ್, ಏರ್ ಫಿಲ್ಟರ್, ಸ್ಟಾರ್ಟರ್ ಹಗ್ಗ, ಆಯಿಲ್ ಪಂಪ್ ತೋರಿಸಿ ಎಂದು ಕೇಳಬೇಕು. ಅವು ಹುಣಸೂರಿನಲ್ಲೋ ಪಿರಿಯಾಪಟ್ಟಣದಲ್ಲೋ ಇಲ್ಲವಾಗಿ, ಮೈಸೂರಿಗೆ ಹೋಗಿ ತರಬೇಕು ಎಂದಾದರೆ ಎಪ್ರಿಲಿನಲ್ಲಿ ಕಳೆಯುವ ದಿನಗಳನ್ನೂ ಬೆಲೆಗೆ ಸೇರಿಸಿಕೊಂಡು ಹೋಲಿಸಬೇಕು.