ಗಡಿಪಡೆಯ ನೇಮಕಾತಿ: ಸಡಿಲಿಸತಕ್ಕುದು ಯಾವುದು?

ಕಿರುಗಾವಲು, ಮಳವಳ್ಳಿ, ಮದ್ದೂರುಗಳ ಸುತ್ತಣ ಗ್ರಾಮಗಳಿಂದ ದೇಶರಕ್ಷಣೆಯ ಕಾರ್ಯಕ್ಕೆ ತೆರಳುವವರ ಪರಂಪರೆ ಅಲ್ಪವಾದುದಲ್ಲ. 2019ರ ಫೆಬ್ರುವರಿ 14ರಂದು ಪುಲ್ವಾಮಾದಲ್ಲಿ ಪ್ರಾಣತೆತ್ತ ಕೇಂದ್ರೀಯ ಮೀಸಲು ಪೊಲೀಸ್ ಪಡೆಯ ಯೋಧ ಗುರು ಅವರು ಮದ್ದೂರು ತಾಲ್ಲೂಕಿನ ಗುಡಿಗೆರೆಯವರು. ಇಂತಹ ನಾಡಿನ ತರುಣನಿಗೆ, ಗಡಿ ಭದ್ರತಾ ಪಡೆಯೇ ಮೊದಲಾದ ಕೇಂದ್ರ ಪಡೆಗಳ ಕಾನ್‌ಸ್ಟೇಬಲ್ ಹುದ್ದೆಗೆ ಹತ್ತನೆಯ ತರಗತಿಯ ವಿದ್ಯೆ ಸಾಕೆಂದು ಹೇಳಿಯೂ, ಲಿಖಿತ ಪರೀಕ್ಷೆಯನ್ನು ಬಹುಕಾಲ ಹಿಂದಿ, ಇಂಗ್ಲಿಷುಗಳಲ್ಲಿ ಮಾತ್ರ ನಡೆಸಿದುದು ನ್ಯಾಯವಾಗಿರಲಿಲ್ಲ.

2024ರ ಅಕ್ಟೋಬರ್ ಅಂತ್ಯಕ್ಕೆ ಕೇಂದ್ರ ಸಶಸ್ತ್ರ ಪಡೆಗಳಲ್ಲಿ 1 ಲಕ್ಷಕ್ಕೂ ಮಿಕ್ಕ ಹುದ್ದೆಗಳು ಬರಿದಾಗಿದ್ದುವೆಂದು ಸರ್ಕಾರವು ರಾಜ್ಯಸಭೆಗೆ ತಿಳಿಸಿತು. ಅವುಗಳಲ್ಲಿ ಗಡಿ ಭದ್ರತಾ ಪಡೆಯವೇ 12,808. ಹುದ್ದೆ ಬರಿದಾದೆಡೆ ಇದ್ದವರ ಪಾಳಿ ದೀರ್ಘವಾಗುತ್ತದೆ, ರಜೆ ಮುಂದಕ್ಕೆ ಹೋಗುತ್ತದೆ. ಆದುದರಿಂದ ನಿಯಮಗಳನ್ನು ಸಡಿಲಿಸಬೇಕೆಂಬ ಮಾತು ಸಹಜವೇ. 2023ರ ಮಾರ್ಚಿನಲ್ಲಿ ಮಾಜಿ ಅಗ್ನಿವೀರರಿಗೆ ಗಡಿ ಭದ್ರತಾ ಪಡೆಯಲ್ಲಿ ಶೇಕಡ 10ರ ಮೀಸಲಾತಿಯನ್ನೂ ವಯೋಮಿತಿಯಲ್ಲಿ ರಿಯಾಯಿತಿಯನ್ನೂ ಕೊಟ್ಟು, ಓಟದ ಪರೀಕ್ಷೆಯಿಂದ ಅವರನ್ನು ಮುಕ್ತಗೊಳಿಸಲಾಯಿತು. ಸೈನ್ಯದ ಶಿಕ್ಷಣ ಪಡೆದವನನ್ನು ಮತ್ತೆ ಓಡಿಸಿ ನೋಡಬೇಕಾದ ಅಗತ್ಯವಿಲ್ಲವಷ್ಟೆ.

ಆದರೆ ಎಲ್ಲ ಸಡಿಲಿಕೆಗಳೂ ಒಂದೇ ಜಾತಿಯವಲ್ಲ. ಅಮೆರಿಕೆಯಲ್ಲಿ, ಗಡಿ ಕಾವಲುಗಾರರಲ್ಲಿ ತಲೆಯೆತ್ತಿದ ಲಂಚಗುಳಿತನವನ್ನು ಕಂಡು, ಅಭ್ಯರ್ಥಿಗಳಿಗೆ ಸುಳ್ಳುಪತ್ತೆ ಪರೀಕ್ಷೆಯನ್ನು 2010ರ ಕಾಯಿದೆಯು ಕಡ್ಡಾಯಗೊಳಿಸಿತು. 2017ರಲ್ಲಿ 5,000 ಮಂದಿಯನ್ನು ಹೊಸದಾಗಿ ಸೇರಿಸಬೇಕೆಂದಾಗ, ಮಾಜಿ ಸೈನಿಕರೇ ಮೊದಲಾದ ಕೆಲವರಿಗೆ ಅದರಿಂದಲೇ ವಿನಾಯಿತಿ ಕೊಡುವ ಪ್ರಸ್ತಾಪವೆದ್ದಿತು. ಶೀಲವನ್ನೂ ಆರೋಗ್ಯವನ್ನೂ ಒರೆಗೆ ಹಚ್ಚುವ ನಿಯಮವನ್ನು ಕೊರತೆಯ ಹೆಸರಿನಲ್ಲಿ ಕೈಬಿಡುವುದು ನನಗೆ ಸಮ್ಮತವಲ್ಲ.

ನಮ್ಮಲ್ಲಿ 2024ರಿಂದ ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ಕಾನ್‌ಸ್ಟೇಬಲ್ ಹುದ್ದೆಯ ಲಿಖಿತ ಪರೀಕ್ಷೆ ನಡೆಯತೊಡಗಿದುದು ಬೇರೊಂದು ಬಗೆಯ ಸಡಿಲಿಕೆ. ಇದರಿಂದ ಯೋಗ್ಯತೆಯ ಮಟ್ಟ ಕೂದಲೆಳೆಯಷ್ಟೂ ತಗ್ಗಲಿಲ್ಲ: ಸಾಮಾನ್ಯ ವರ್ಗದ ಯುವಕನು ಈಗಲೂ 170 ಸೆಂಟಿಮೀಟರ್ ಎತ್ತರವಿರಬೇಕು, 80 ಸೆಂಟಿಮೀಟರಿನ ಎದೆಯನ್ನು ಉಸಿರೆಳೆದು ಇನ್ನೈದು ಸೆಂಟಿಮೀಟರ್ ಹಿಗ್ಗಿಸಬೇಕು, 24 ನಿಮಿಷಗಳೊಳಗೆ 5 ಕಿಲೋಮೀಟರ್ ಓಡಬೇಕು. ನಾಲೆಯ ಏರಿಯ ಮೇಲೆ ಓಡಿ ಬೆಳೆದ ಹುಡುಗನಿಗೆ ಇದು ಅಸಾಧ್ಯವೇನಲ್ಲ.

ಆದರೂ ಸುಧಾರಣೆಯು ಪೂರ್ಣವಾಯಿತೆನ್ನಲಾಗದು. ಪತ್ರಿಕೆಯ 80 ಪ್ರಶ್ನೆಗಳಲ್ಲಿ 20 ಇಂದಿಗೂ ಹಿಂದಿ ಅಥವಾ ಇಂಗ್ಲಿಷ್ ಭಾಷಾಜ್ಞಾನಕ್ಕೇ ಮೀಸಲು. ಪಡೆಯೊಳಗಿನ ವ್ಯವಹಾರಕ್ಕೆ ಹಿಂದಿ ಬೇಕೆಂಬುದು ನಿಜ. ಅದನ್ನು ತರಬೇತಿಯ ತಿಂಗಳುಗಳಲ್ಲಿ ಕಲಿಸಬಹುದಾಗಿರಲು, ಬಾಗಿಲಲ್ಲಿಯೇ ಕೇಳುವುದೇಕೆಂಬುದನ್ನು ನಮ್ಮ ಸಂಸತ್ಸದಸ್ಯರು ದೆಹಲಿಯಲ್ಲಿ ಕೇಳಬೇಕು.