ಎಣ್ಣೆತಾಳೆಯ ಮೂತಿಹುಳು

ಅಕ್ಕಿಯ ಮೂಟೆಯಲ್ಲಿ ಹರಿದಾಡುವ ಮೂತಿಹುಳುವನ್ನು ಶಪಿಸದ ಗೃಹಿಣಿಯರಿಲ್ಲ. ಅದೇ ಬಗೆಯ ಮೂತಿಯುಳ್ಳದ್ದಾದರೂ ಮನುಷ್ಯನಿಗೆ ಮಹೋಪಕಾರಿಯಾದ ಕೀಟವೊಂದು ಪಶ್ಚಿಮ ಆಫ್ರಿಕದಲ್ಲುಂಟು. ಶ್ರೋತೃಗಳಿಗೆ ಅದರ ಪರಿಚಯವನ್ನು ಮಾಡಿಕೊಡುವುದು ಈ ಭಾಷಣದ ಉದ್ದೇಶ.

ಶಾಸ್ತ್ರಜ್ಞರು ಇದನ್ನು ಎಲೈಡೋಬಿಯಸ್ ಕೆಮರೂನಿಕಸ್ ಎಂದು ಕರೆಯುವರು. ಹೆಸರಿಟ್ಟವನು ಫೌಸ್ಟ್ ಎಂಬ ಕೀಟಶಾಸ್ತ್ರಜ್ಞ. ಎಲೈಸ್ ಎಂಬುದು ಎಣ್ಣೆತಾಳೆಯ ಕುಲನಾಮ. ಕೆಮರೂನ್ ಎಂಬುದು ದೇಶ. ಹೀಗೆ ಹುಳುವಿನ ಆಶ್ರಯವೂ ನಾಡೂ ಹೆಸರಿನಲ್ಲಿಯೇ ಅಡಗಿವೆ. ಗಡುಸಾದ ಮೇಲ್ರೆಕ್ಕೆಗಳು ಒಳರೆಕ್ಕೆಗಳನ್ನು ಒರೆಯಂತೆ ಮುಚ್ಚಿರುವುದರಿಂದ ಇದು ಕೋಲಿಯಾಪ್ಟೆರ ಗಣಕ್ಕೂ, ತಲೆಯು ಮೂತಿಯಾಗಿ ಮುಂಚಾಚಿರುವುದರಿಂದ ಕರ್ಕ್ಯುಲಿಯಾನಿಡೇ ಕುಟುಂಬಕ್ಕೂ ಸೇರಿದುದು.

ಮೈಬಣ್ಣ ಕಂದು; ಉದ್ದವು ೩-೪ ಮಿಲಿಮೀಟರುಗಳಷ್ಟೆ. ಗಂಡು ಹೆಣ್ಣಿಗಿಂತ ದೊಡ್ಡದು. ಅದರ ಮೇಲ್ರೆಕ್ಕೆಗಳ ಬುಡದಲ್ಲಿ ಒಂದೊಂದು ಗುಬುಟು, ಅಂಚಿನಲ್ಲಿ ರೋಮಗಳ ಸಾಲು ಕಾಣಬರುವುವು. ಹೆಣ್ಣಿನ ಮೂತಿ ಗಂಡಿನದಕ್ಕಿಂತ ನೀಳ.

ಎಣ್ಣೆತಾಳೆಯಲ್ಲಿ ಗಂಡುಹೂಗೊನೆ ಬೇರೆ, ಹೆಣ್ಣುಹೂಗೊನೆ ಬೇರೆ. ಹುಳುವು ಗಂಡುಹೂವಿನಲ್ಲಿ ಉಂಡು, ಅಲ್ಲಿಯೇ ಮೊಟ್ಟೆಯಿಡುವುದು. ಹೆಣ್ಣುಹೂವಿನಲ್ಲಿ ಅದಕ್ಕೆ ಆಹಾರವಿಲ್ಲ; ಆದರೂ ಅದು ಸೋಂಪಿನಂಥ ಕಂಪನ್ನು ಬೀರಿ ಹುಳುವನ್ನು ಸೆಳೆಯುವುದು. ಹಾಗೆ ಬಂದ ಹುಳುವಿನ ಮೈಗಂಟಿದ ಪರಾಗವು ಅಲ್ಲಿ ಉದುರಿ ಕಾಯಿ ಕಟ್ಟುವುದು.

ಮಲಯ ನಾಡಿಗೆ ಈ ಮರವನ್ನು ಒಯ್ದವರು ಹುಳುವನ್ನು ಒಯ್ಯಲಿಲ್ಲ. ಆದುದರಿಂದ ಅಲ್ಲಿನ ಅನೇಕ ತೋಟಗಳಲ್ಲಿ ಕೂಲಿಯಾಳುಗಳು ಕೈಯಿಂದಲೇ ಪರಾಗವನ್ನು ಉದುರಿಸಬೇಕಾಗಿತ್ತು. ಇತರ ಬೆಳೆಗಳನ್ನು ಕೆಡಿಸದೆಂಬುದನ್ನು ಪರೀಕ್ಷಿಸಿ ತಿಳಿದ ತರುವಾಯ, ೧೯೮೧ರಲ್ಲಿ ಮಲೇಷಿಯದ ತೋಟಗಳಿಗೆ ಈ ಹುಳುವನ್ನು ಬಿಟ್ಟರು. ಆ ದುಡಿಮೆ ತಪ್ಪಿತು.

ಹುಳುವೆಂದೊಡನೆ ಹೊಸಕಿಹಾಕುವ ಮುನ್ನ ಅದರ ಹೆಸರನ್ನೂ ಕಸುಬನ್ನೂ ವಿಚಾರಿಸುವುದು ಲೇಸಲ್ಲವೆ?