ಆಕಳ ಕಿವಿಯೋಲೆ ಯಾರ ಹೆಸರಿಗಿದೆ?

ಹಾಲು ಉತ್ಪಾದಕ ಸಹೋದರಿಯರೆ,

ಡೇರಿಯಲ್ಲಿ ನಿಮಗೊಂದು ಸದಸ್ಯ ಸಂಖ್ಯೆ ಇದೆ. ನಿಮ್ಮ ಆಕಳ ಕಿವಿಯಲ್ಲಿ ಹಳದಿ ಓಲೆ, ಅದರ ಮೇಲೆ 12 ಅಂಕಿ. ನಿಮ್ಮ ಆಧಾರಿಗೂ 12 ಅಂಕಿ. ರೈತರೆಂದು ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಾಯಿಸಿದ್ದರೆ ಎಫ್‌ಐಡಿ ಎಂಬ ಇನ್ನೊಂದು ಸಂಖ್ಯೆ. ಇದರ ಮೇಲೆ ಬ್ಯಾಂಕಿನ ಖಾತೆ. ಐದು ಕಡೆ ಐದು ಲೆಕ್ಕ, ಹಾಲು ಹಿಂಡುವ ಕೈ ಮಾತ್ರ ಒಂದೇ. ಊರಿನವರಿಗೆ ಇದು ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಈ ಸಂಖ್ಯೆ ಆ ಸಂಖ್ಯೆ ಒಬ್ಬರದೇ ಎಂದು ಯಾರಾದರೂ ಗಂಟು ಹಾಕಿ ಕೊಡಬೇಕು. ಕಚೇರಿಗಳಲ್ಲಿ ಇದಕ್ಕೆ ಮ್ಯಾಪಿಂಗ್ ಅನ್ನುತ್ತಾರೆ, ನಾವು ಜೋಡಣೆ ಅನ್ನೋಣ. ಗಂಟು ತಪ್ಪಿದರೆ ರೊಕ್ಕ ಒಂದೋ ನಿಲ್ಲುತ್ತದೆ, ಇಲ್ಲವೇ ಬೇರೆ ಕಡೆ ಹೋಗುತ್ತದೆ.

ಮೊದಲು ರೊಕ್ಕದ ಮಾತು. ಹಾಲಿನ ಬಿಲ್ಲು ಸಂಘದ ಲೆಕ್ಕದಿಂದ ಬರುತ್ತದೆ, ಪ್ರೋತ್ಸಾಹಧನ ಸರಕಾರದಿಂದ. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾಗಿ, 2013ರಲ್ಲಿ 4 ಆಗಿ, ಆಮೇಲೆ 5ಕ್ಕೆ ಏರಿದ ಹಣ ಅದು. ಎರಡರ ದಾರಿಯೂ ಬೇರೆ. ಹಾಗಾಗಿ ಬಿಲ್ಲು ಸರಿಯಾಗಿ ಜಮಾ ಆಗುತ್ತಿದ್ದರೂ ಪ್ರೋತ್ಸಾಹಧನ ಕಾಣದೇ ಇರಬಹುದು. ಆಗ ಕಾರ್ಯದರ್ಶಿಯವರ ಜೊತೆ ಜಗಳಕ್ಕೆ ನಿಲ್ಲುವ ಮೊದಲು ಒಂದು ವಿಷಯ ನೋಡಿ.

ಆಧಾರ್ ಮೂಲಕ ಬರುವ ಸರಕಾರಿ ಹಣ ಪಾಸ್‌ಬುಕ್ಕಿನ ಸಂಖ್ಯೆ ನೋಡಿಕೊಂಡು ಬರುವುದಿಲ್ಲ. ಎನ್‌ಪಿಸಿಐ ಎಂಬ ರಾಷ್ಟ್ರೀಯ ಪಾವತಿ ನಿಗಮದ ಹತ್ತಿರ ಒಂದು ಪಟ್ಟಿ ಇದೆ. ಅದರಲ್ಲಿ ಒಂದು ಆಧಾರಿಗೆ ಒಂದೇ ಬ್ಯಾಂಕು. ಕೊನೆಯ ಸಲ ಯಾವ ಬ್ಯಾಂಕಿನಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಆಧಾರ್ ಜೋಡಿಸಿದಿರೋ ಅದೇ ಬ್ಯಾಂಕಿಗೆ ಹಣ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುವಾಗ ಕೂಲಿಗೆಂದು ಹೊಸ ಖಾತೆ ತೆಗೆದಿರಿ, ಅಲ್ಲಿ ಕೊಟ್ಟ ಕಾಗದಕ್ಕೆಲ್ಲ ಸಹಿ ಹಾಕಿದಿರಿ ಅನ್ನಿ. ಅಂದಿನಿಂದ ಸರಕಾರದ ಹಣ ಆ ಖಾತೆಗೆ ತಿರುಗಿರಬಹುದು. ಹಣ ಕಳೆದಿಲ್ಲ, ನೀವು ನೋಡುತ್ತಿರುವ ಪಾಸ್‌ಬುಕ್ಕು ಬೇರೆ. ಗೃಹಲಕ್ಷ್ಮಿಯ 2,000 ರೂಪಾಯಿ ಯಾವ ಬ್ಯಾಂಕಿಗೆ ಬೀಳುತ್ತದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ ಇರುತ್ತದಲ್ಲ, ಮೊದಲು ಆ ಪಾಸ್‌ಬುಕ್ಕನ್ನೇ ಎಂಟ್ರಿ ಮಾಡಿಸಿ ನೋಡಿ. ಇನ್ನೊಂದು: ಖಾತೆ ತೆಗೆಯುವಾಗ ಆಧಾರಿನ ಝೆರಾಕ್ಸ್ ಕೊಟ್ಟಿದ್ದು ಬೇರೆ, ಈ ಜೋಡಣೆ ಬೇರೆ. ಬ್ಯಾಂಕಿನಲ್ಲಿ ‘ಎನ್‌ಪಿಸಿಐ ಜೋಡಣೆ ಆಗಿದೆಯೇ’ ಎಂದು ಅದೇ ಮಾತಿನಲ್ಲಿ ಕೇಳಿ.

ಇನ್ನು ಹೆಸರು. ನಮ್ಮ ಕಡೆ ಇದು ದೊಡ್ಡ ತೊಡಕು. ಡೇರಿ ಪುಸ್ತಕದಲ್ಲಿ ಗಂಗವ್ವ, ಆಧಾರಿನಲ್ಲಿ ಗಂಗಮ್ಮ, ಪಾಸ್‌ಬುಕ್ಕಿನಲ್ಲಿ ತವರಿನ ಅಡ್ಡಹೆಸರು. ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬರು ‘ವ್ವ’ಕ್ಕೆ ‘ವಿ’ ಹಾಕುತ್ತಾರೆ, ಇನ್ನೊಬ್ಬರು ‘ಡಬ್ಲ್ಯು’. ಕರೆದರೆ ಎರಡಕ್ಕೂ ನೀವೇ ಓ ಅನ್ನುತ್ತೀರಿ, ಯಂತ್ರಕ್ಕೆ ಮಾತ್ರ ಇಬ್ಬರು ಹೆಂಗಸರು. ಎಲ್ಲ ಕಡೆ ತಿದ್ದಿಸುತ್ತ ಓಡಾಡುವುದು ಬೇಡ. ಆಧಾರಿನಲ್ಲಿ ಹೇಗಿದೆಯೋ ಹಾಗೆಯೇ ಉಳಿದ ಕಡೆ ಬರೆಸಿ. ಆಧಾರೇ ತಪ್ಪಿದ್ದರೆ ಮಾತ್ರ ಮೊದಲು ಅದನ್ನು ತಿದ್ದಿಸಬೇಕು.

ಈಗ ನನ್ನ ಕಸುಬಿಗೆ ಬರುತ್ತೇನೆ, ಕಿವಿಯೋಲೆಗೆ. ಓಲೆಯ 12 ಅಂಕಿ ಮೊದಲು ಇನಾಫ್ ತಂತ್ರಾಂಶದಲ್ಲಿತ್ತು, ಈಗ ಭಾರತ್ ಪಶುಧನ್‌ನಲ್ಲಿದೆ. ಆರು ತಿಂಗಳಿಗೊಮ್ಮೆ ಹಾಕುವ ಕಾಲುಬಾಯಿ ಲಸಿಕೆ, ಕೃತಕ ಗರ್ಭಧಾರಣೆ, ಗಬ್ಬದ ಪರೀಕ್ಷೆ, ಹುಟ್ಟಿದ ಕರು, ಎಲ್ಲವೂ ಆ ಅಂಕಿಗೇ ಬರೆಯಲ್ಪಡುತ್ತವೆ. ಆ ಅಂಕಿಯ ಎದುರಿಗೆ ಮಾಲಕರ ಹೆಸರು, ಮೊಬೈಲ್ ನಂಬರು. ಬಹಳ ಮನೆಗಳಲ್ಲಿ ನಾನು ಕಾಣುವುದು ಇದು: ಹುಲ್ಲು ಹಾಕುವವರು, ಸೆಗಣಿ ಬಳಿಯುವವರು, ಬೆಳಗ್ಗೆ ಕ್ಯಾನು ಹೊರುವವರು ನೀವು. ಓಲೆ ಹಾಕಿಸಿದ ದಿನ ಕಟ್ಟೆಯ ಮೇಲೆ ಕೂತಿದ್ದವರು ಮನೆಯ ಯಜಮಾನರು, ಹೆಸರು ಅವರದೇ ಬಿತ್ತು. ಮೊಬೈಲು ಬೆಂಗಳೂರಿಗೆ ದುಡಿಯಲು ಹೋದ ಮಗನದು. ಒಟಿಪಿ ಅವನಿಗೆ ಬರುತ್ತದೆ, ನಾವು ಕೊಟ್ಟಿಗೆಯಲ್ಲಿ ಕಾಯುತ್ತ ನಿಲ್ಲುತ್ತೇವೆ. ಡೇರಿಯಲ್ಲಿ ಸದಸ್ಯೆ ನೀವು, ದಾಖಲೆಯಲ್ಲಿ ನಿಮಗೆ ಒಂದೂ ಆಕಳಿಲ್ಲ!

ಇದು ಸುಮ್ಮನೆ ಕಾಗದದ ಮಾತಲ್ಲ. 2022ರಲ್ಲಿ ಚರ್ಮಗಂಟು ರೋಗ ನಮ್ಮ ಜಿಲ್ಲೆಯನ್ನು ಹೇಗೆ ಹಿಂಡಿತೆಂದು ನಿಮಗೆ ಹೇಳಬೇಕಿಲ್ಲ. ಆಗ ಸರಕಾರ ಸತ್ತ ಆಕಳಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಪರಿಹಾರ ಘೋಷಿಸಿತು. ಇಂಥ ಹೊತ್ತಿನಲ್ಲಿ ಮೊದಲ ಪ್ರಶ್ನೆಯೇ ‘ದನ ಯಾರದು?’ ವಿಮೆಯಲ್ಲಂತೂ ಓಲೆ ಇಲ್ಲದಿದ್ದರೆ ಹಣವೇ ಇಲ್ಲ. ಸತ್ತ ದನದ ಕಿವಿಯಲ್ಲಿನ ಅಂಕಿ, ವಿಮೆ ಪತ್ರದ ಅಂಕಿ, ಮರಣೋತ್ತರ ಪರೀಕ್ಷೆಯಲ್ಲಿ ನಾವು ಬರೆಯುವ ಅಂಕಿ, ಮೂರೂ ಒಂದೇ ಇರಬೇಕು. ಆದ್ದರಿಂದ ನಾವು ಬಂದು ನೋಡುವ ತನಕ ಓಲೆ ಕತ್ತರಿಸಿ ತೆಗೆಯಬೇಡಿ, ದನವನ್ನು ಹೂಳಲೂ ಬೇಡಿ.

ಓಲೆ ಬಿದ್ದುಹೋಗುವುದೂ ಉಂಟು. ಗೂಟಕ್ಕೆ ಉಜ್ಜಿಕೊಂಡು ಕಿವಿ ಹರಿದುಕೊಂಡ ಎಮ್ಮೆಗಳನ್ನು ನೋಡಿದ್ದೇನೆ. ಹೊಸ ಓಲೆಗೆ ಹೊಸ ಅಂಕಿ. ಹಾಕಿಸುವಾಗ ಹಳೆಯ ಅಂಕಿಯನ್ನೂ ಹೇಳಿ, ಓಲೆ ಬದಲಾವಣೆ ಎಂದೇ ದಾಖಲಿಸಲು ಕೇಳಿ. ಇಲ್ಲದಿದ್ದರೆ ನಾಲ್ಕು ಸೂಲಿನ ಎಮ್ಮೆ ತಂತ್ರಾಂಶದಲ್ಲಿ ನಿನ್ನೆ ಬಂದ ಎಮ್ಮೆಯಾಗುತ್ತದೆ, ಅದರ ಲಸಿಕೆ, ಕರುಗಳ ಲೆಕ್ಕ ಎಲ್ಲ ಹಳೆಯ ಅಂಕಿಯಲ್ಲೇ ಉಳಿಯುತ್ತದೆ. ವಿಮೆ ಇದ್ದರೆ ಹೊಸ ಅಂಕಿಯನ್ನು ವಿಮೆಯವರಿಗೆ ಬರೆದು ಕೊಡಿ, ಅದು ತಾನಾಗಿ ಅವರಿಗೆ ತಿಳಿಯುತ್ತದೆ ಅಂದುಕೊಳ್ಳಬೇಡಿ.

ಹಾವೇರಿ ಸಂತೆಯಲ್ಲೋ ರಾಣೆಬೆನ್ನೂರಿನ ಕಡೆಯಿಂದಲೋ ದನ ತಂದರೆ ಹಗ್ಗ ಕೈಗೆ ಬಂದ ಮಾತ್ರಕ್ಕೆ ಅದು ದಾಖಲೆಯಲ್ಲಿ ನಿಮ್ಮದಾಗಲಿಲ್ಲ. ಓಲೆ ಇನ್ನೂ ಮಾರಿದವರ ಹೆಸರಿನಲ್ಲೇ ಇರುತ್ತದೆ. ವ್ಯಾಪಾರ ಮುಗಿಯುವ ಮೊದಲೇ ಅವರ ಮೊಬೈಲ್ ನಂಬರು ತೆಗೆದುಕೊಳ್ಳಿ, ಓಲೆಯ ಫೋಟೊ ಹಿಡಿಯಿರಿ. ಮಾಲಕತ್ವ ವರ್ಗಾವಣೆ ನಿಮ್ಮ ಊರಿನ ಪಶು ಆಸ್ಪತ್ರೆಯಲ್ಲೇ ಆಗುತ್ತದೆ. ಮಾರುವಾಗಲೂ ಹಾಗೆಯೇ ಬಿಡಿಸಿ ಕಳಿಸಿ.

ಮುಂದಿನ ಲಸಿಕೆಗೆ ನಮ್ಮವರು ಬಂದಾಗ ಡೇರಿ ಪುಸ್ತಕ, ಆಧಾರ್, ನಿಮ್ಮ ಕೈಯಲ್ಲೇ ಇರುವ ಮೊಬೈಲು ಹೊರಗಿಟ್ಟುಕೊಂಡಿರಿ. ‘ಈ ಓಲೆ ಯಾರ ಹೆಸರಿಗಿದೆ, ಓದಿ ಹೇಳ್ರಿ’ ಎಂದು ಕೇಳಿ. ಬೇರೆಯವರ ಹೆಸರು ಬಂದರೆ ಮನೆಯಲ್ಲಿ ಮಾತಾಡಿಕೊಂಡು, ಅವರೂ ಎದುರಿಗಿರುವಾಗಲೇ ಬದಲಿಸಲು ಹೇಳಿ. ಒಟಿಪಿ ಅವರ ಮೊಬೈಲಿಗೆ ಬರಬಹುದು.